ದೊಡ್ಡ ಗಿಟಾರ್, ನೋಯುವ ಭುಜ: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷ ಒಂದೇ ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಗಿಟಾರನ್ನು ತಬ್ಬಿಕೊಂಡು ಕೂತವನು ನಾನು. ಬಲ ಭುಜ ನೋಯಲು ಶುರುವಾದಾಗ ಮೊದಲು ದೂರಿದ್ದು ತಲೆದಿಂಬನ್ನು, ಆಮೇಲೆ ಸ್ಕೂಟರನ್ನು, ಆಮೇಲೆ ಕಚೇರಿಯ ಕುರ್ಚಿಯನ್ನು. ಗಿಟಾರಿನ ಮೇಲೆ ಸಂಶಯ ಬರಲು ಎಂಟು ತಿಂಗಳು ಹಿಡಿಯಿತು. ಚಿಕ್ಕ ಗಿಟಾರಿಗೆ ಬದಲಾಗಿ ಈಗ ಮೂರು ವರ್ಷ. ಮೈಸೂರಿನಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಹವ್ಯಾಸಿಗಳ ಗುಂಪಿನಲ್ಲಿ ಇದೇ ಕಾರಣಕ್ಕೆ ಇನ್ನೂ ನಾಲ್ವರು ಬದಲಿಸಿದರು. ಅವರ ಮತ್ತು ಅವರ ಪರಿಚಯದವರ ಪ್ರಶ್ನೆಗಳಿಗೆ ಹೇಳಿದ್ದನ್ನೇ ಹೇಳಿ ಬಾಯಿಪಾಠವಾಗಿದೆ, ಹಾಗಾಗಿ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ಗಿಟಾರ್ ಮಾರುವವನೂ ಅಲ್ಲ. ಇದೆಲ್ಲ ಬಲಗೈಯಲ್ಲಿ ಮೀಟುವವರ ಲೆಕ್ಕ. ಎಡಚರು ಅದಲುಬದಲು ಮಾಡಿ ಓದಿಕೊಳ್ಳಬೇಕು.

ಗಿಟಾರ್ ನುಡಿಸಿದರೆ ಬೆರಳು ನೋಯಬೇಕಲ್ಲವೇ? ಭುಜವೇಕೆ ನೋಯುತ್ತದೆ?

ಕೈಯಿಲ್ಲದ ಕುರ್ಚಿಯಲ್ಲಿ ಕೂತು ಎರಡೂ ತೋಳುಗಳನ್ನು ಇಳಿಬಿಡಿ. ಮೊಣಕೈ ಪಕ್ಕೆಗೆ ತಾಗಿಕೊಂಡಿರುತ್ತದೆ, ಹೆಗಲು ತನ್ನ ಪಾಡಿಗೆ ತಾನು ಕೂತಿರುತ್ತದೆ. ಈಗ ದೊಡ್ಡ ಗಿಟಾರನ್ನು ಬಲತೊಡೆಯ ಮೇಲಿಟ್ಟು ಅದರ ಮೇಲಿನಿಂದ ಕೈ ಹಾಯಿಸಿ ತಂತಿಗೆ ಬೆರಳು ತಾಗಿಸಿ. ಮೊಣಕೈ ಪಕ್ಕೆಯಿಂದ ದೂರ ಸರಿದು, ಮೇಲೆದ್ದು, ಮುಂದಕ್ಕೂ ಹೋಗಿರುತ್ತದೆ. ಆ ತೋಳಿನ ಭಾರವನ್ನು ಗಿಟಾರಿನ ಅಂಚು ಹೊರಬೇಕು, ಇಲ್ಲವೇ ಹೆಗಲು ಹೊರಬೇಕು. ಅಂಚಿನ ಮೇಲೆ ಪೂರ್ತಿ ಭಾರ ಬಿಟ್ಟರೆ ಮುಂಗೈ ಒತ್ತಿ ಜೋಮು ಹಿಡಿಯುತ್ತದೆ. ಆದ್ದರಿಂದ ನಮಗೆ ಗೊತ್ತಿಲ್ಲದಂತೆಯೇ ಹೆಗಲನ್ನು ಕಿವಿಯ ಕಡೆಗೆ ಎತ್ತಿ ಹಿಡಿಯುತ್ತೇವೆ.

ಹತ್ತು ನಿಮಿಷಕ್ಕೆ ಇದೇನೂ ದೊಡ್ಡ ವಿಷಯವಲ್ಲ. ಒಂದು ಗಂಟೆಗೆ ದೊಡ್ಡದೇ. ಭುಜದ ಕೀಲಿನ ಮೇಲೆ ಸೂರಿನಂತೆ ಚಾಚಿಕೊಂಡ ಒಂದು ಮೂಳೆ ಇದೆ. ತೋಳನ್ನು ಎತ್ತಲು ನೆರವಾಗುವ ಸ್ನಾಯುರಜ್ಜು ಆ ಸೂರಿನ ಕೆಳಗಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ತೋಳು ಪಕ್ಕಕ್ಕೆ ಎದ್ದು ಒಳಕ್ಕೆ ತಿರುಗಿದ ಭಂಗಿಯಲ್ಲಿ ಅಲ್ಲಿನ ಜಾಗ ಇನ್ನೂ ಕಿರಿದಾಗುತ್ತದೆ. ಗಿಟಾರ್ ಹಿಡಿದ ಬಲತೋಳಿನದು ಹೆಚ್ಚುಕಡಿಮೆ ಅದೇ ಭಂಗಿ.

ಅಷ್ಟು ತೊಂದರೆ ಕೊಡುವ ಆಕಾರವನ್ನು ಯಾರು, ಯಾಕೆ ಮಾಡಿದರು?

ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಎಂಬ ವ್ಯಾಪಾರ ಸಂಸ್ಥೆಗಾಗಿ ಮಾಡಿಕೊಟ್ಟ ಮಾದರಿ ಇದು. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನ ಹೆಸರನ್ನೇ ಇಟ್ಟರು. 1931ರಿಂದ ಮಾರ್ಟಿನ್ ತನ್ನ ಸ್ವಂತ ಹೆಸರಿನಲ್ಲೂ ಮಾರಲು ತೊಡಗಿತು. ಮೈಕು, ಆಂಪ್ಲಿಫೈಯರ್ ಇನ್ನೂ ಎಲ್ಲೆಡೆ ಬಂದಿರದ ಕಾಲ ಅದು. ಬ್ಯಾಂಜೋ, ಪಿಟೀಲುಗಳ ನಡುವೆ ಗಿಟಾರ್ ಕೇಳಿಸಬೇಕಾದರೆ ದೊಡ್ಡ ಒಡಲು ಬೇಕಿತ್ತು. ನನ್ನ ಮನೆಯ ಹತ್ತು ಅಡಿ ಅಗಲದ ಕೋಣೆಯಲ್ಲಿ ಪಿಟೀಲೂ ಇಲ್ಲ, ಬ್ಯಾಂಜೋವೂ ಇಲ್ಲ. ಆದರೂ ಯುದ್ಧನೌಕೆಯನ್ನೇ ತಂದು ಕೂರಿಸಿಕೊಂಡಿದ್ದೆ. ಅಂಗಡಿಯಲ್ಲಿ ಗೋಡೆಯ ತುಂಬ ಅದೇ ನೇತಾಡುತ್ತಿರುತ್ತದೆ, ಹೊಸಬರು ಗಿಟಾರ್ ಎಂದರೆ ಇಷ್ಟೇ ಗಾತ್ರ ಎಂದುಕೊಳ್ಳುತ್ತಾರೆ.

ನೋವು ಗಿಟಾರಿನಿಂದಲೇ ಬಂದಿದೆ ಎಂದು ಗೊತ್ತಾಗುವುದು ಹೇಗೆ?

ನನಗೆ ಗೊತ್ತಾದದ್ದು ಒಂದು ಫೋಟೋದಿಂದ. ಫಿಸಿಯೋಥೆರಪಿಗೆ ಹೋಗಿದ್ದಾಗ ಅಲ್ಲಿಯ ಹುಡುಗಿ, “ದಿನಾ ಒಂದು ಗಂಟೆ ಏನಾದರೂ ಒಂದೇ ಕೆಲಸ ಮಾಡುತ್ತೀರಾ ಸರ್?” ಎಂದು ಕೇಳಿದಳು. ಗಿಟಾರ್ ಎಂದೆ. “ನಾಳೆ ಬರುವಾಗ ತನ್ನಿ” ಎಂದಳು. ಮರುದಿನ ಬೆನ್ನುನೋವಿನ ಅಜ್ಜಿಯರು, ಮೊಣಕಾಲಿನ ಅಜ್ಜಂದಿರ ನಡುವೆ ಕೂತು ನಾಚಿಕೊಂಡೇ ಎರಡು ಹಾಡು ನುಡಿಸಿದೆ. ಅವಳು ಹಿಂದೆ ನಿಂತು ನನ್ನ ಮೊಬೈಲಿನಲ್ಲೇ ಫೋಟೋ ತೆಗೆದಳು. ಬಲ ಹೆಗಲು ಎಡಕ್ಕಿಂತ ಎರಡು ಬೆರಳಿನಷ್ಟು ಮೇಲಿತ್ತು. ಅಂಗಿಯ ಕಾಲರ್ ಒಂದು ಕಡೆ ಕಿವಿಗೆ ತಾಗುವಂತಿತ್ತು. ನಾನಂತೂ ನೆಟ್ಟಗೆ ಕೂತಿದ್ದೇನೆ ಎಂದೇ ಭಾವಿಸಿದ್ದೆ.

ನೀವೂ ಇದನ್ನೇ ಮಾಡಿ. ಮನೆಯವರಿಗೆ ಮೊಬೈಲ್ ಕೊಟ್ಟು, ನುಡಿಸಲು ತೊಡಗಿ ಇಪ್ಪತ್ತು ನಿಮಿಷವಾದ ಮೇಲೆ, ನಿಮಗೆ ಹೇಳದೆ ಹಿಂದಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಹೇಳಿ ತೆಗೆದರೆ ನೆಟ್ಟಗಾಗಿಬಿಡುತ್ತೀರಿ. ಇನ್ನೊಂದು ಪರೀಕ್ಷೆ ಎರಡು ವಾರ ಗಿಟಾರ್ ಮುಟ್ಟದಿರುವುದು. ನೋವು ಇಳಿದು, ಮತ್ತೆ ನುಡಿಸಿದ ಮೂರ್ನಾಲ್ಕು ದಿನಕ್ಕೆ ಮರಳಿದರೆ ಸಂಶಯ ಬಲವಾಗುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಕಾರಣ ಬೇರೆಡೆ ಇರಬಹುದು. ಕಂಪ್ಯೂಟರಿನ ಮೌಸ್ ದೂರದಲ್ಲಿಟ್ಟು ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರು ಗಿಟಾರಿನ ಒಂದು ಗಂಟೆಯ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

ವೈದ್ಯರ ಬಳಿ ಹೋಗಬೇಕೇ, ಅಥವಾ ಗಿಟಾರ್ ಬದಲಿಸಿ ನೋಡಿದರೆ ಸಾಕೇ?

ಮೊದಲು ವೈದ್ಯರು, ಆಮೇಲೆ ಅಂಗಡಿ. ತೋಳಿನುದ್ದಕ್ಕೂ ನೋವು ಇಳಿಯುವುದು, ಬೆರಳು ಜೋಮು ಹಿಡಿಯುವುದು, ಕೈಯಲ್ಲಿ ಹಿಡಿದ ಲೋಟ ಜಾರುವುದು ಇವೆಲ್ಲ ಕುತ್ತಿಗೆಯಲ್ಲಿ ನರ ಒತ್ತಿಕೊಂಡಿರುವುದರಿಂದಲೂ ಆಗಬಹುದು. ರಾತ್ರಿ ನಿದ್ದೆಗೆಡಿಸುವ ನೋವು, ಬಿದ್ದ ಮೇಲೆ ಶುರುವಾದ ನೋವು, ಜ್ವರದೊಂದಿಗೆ ಕೀಲು ಊದಿಕೊಂಡಿರುವುದು ಕೂಡ ಕಾಯುವ ವಿಷಯಗಳಲ್ಲ. ಎಡ ಭುಜದ ನೋವಿನ ಜತೆ ಎದೆ ಹಿಂಡಿದಂತಾಗುವುದು, ಬೆವರು, ಉಸಿರಾಟದ ತೊಂದರೆ ಇದ್ದರೆ ಅದು ಹೃದಯದ ಮಾತು. ತಡಮಾಡದೆ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆ ಇರುವವರು, 40ರಿಂದ 60ರ ವಯಸ್ಸಿನವರು ಫ್ರೋಜನ್ ಶೋಲ್ಡರನ್ನೂ ನೆನಪಿಡಬೇಕು. ಅದರಲ್ಲಿ ನೀವು ಎತ್ತಿದರೆ ಮಾತ್ರವಲ್ಲ, ಬೇರೆಯವರು ಹಿಡಿದು ಎತ್ತಿದರೂ ತೋಳು ಒಂದು ಮಟ್ಟದಿಂದಾಚೆ ಹೋಗುವುದಿಲ್ಲ. ತಲೆ ಬಾಚಲು, ಬೆನ್ನ ಹಿಂದೆ ಕೈ ಒಯ್ಯಲು ಆಗುವುದಿಲ್ಲ. ನಮ್ಮ ಗುಂಪಿನ ಒಬ್ಬರಿಗೆ ಆದದ್ದು ಅದೇ. ಅವರು ಎರಡು ಗಿಟಾರ್ ಬದಲಿಸಿದ ಮೇಲೆ ಗೊತ್ತಾಯಿತು.

ಹೊಸ ಗಿಟಾರಿಗೆ ದುಡ್ಡು ಸುರಿಯದೆ ಏನಾದರೂ ಮಾಡಬಹುದೇ?

ಮಾಡಬಹುದು, ಮಾಡಲೇಬೇಕು. ನಾನು ಮಾಡಿರಲಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮೊದಲು ಕೂರುವ ಜಾಗ. ಸೋಫಾ ಬಿಟ್ಟು ಕೈಯಿಲ್ಲದ, ಗಟ್ಟಿ ಕುರ್ಚಿಗೆ ಬನ್ನಿ. ಸೋಫಾದಲ್ಲಿ ಸೊಂಟ ಕುಸಿದು ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಭುಜ ತಾನಾಗಿ ಮುಂದೆ ಬರುತ್ತದೆ. ಎರಡನೆಯದು, ಗಿಟಾರನ್ನು ಬಲತೊಡೆಯಿಂದ ಎಡತೊಡೆಗೆ ವರ್ಗಾಯಿಸಿ, ಎಡಗಾಲ ಕೆಳಗೆ ಒಂದು ಚಿಕ್ಕ ಮಣೆ ಇಟ್ಟು, ಗಿಟಾರಿನ ತಲೆ ಮೇಲೆದ್ದು ನಿಲ್ಲುವಂತೆ ಮಾಡುವುದು. ಶಾಸ್ತ್ರೀಯ ಗಿಟಾರಿನವರು ಕೂರುವ ಕ್ರಮ ಇದು. ಹೀಗೆ ವಾಲಿಸಿದಾಗ ಒಡಲಿನ ದಪ್ಪ ಉಬ್ಬು ಎರಡು ತೊಡೆಗಳ ನಡುವೆ ಇಳಿಯುತ್ತದೆ, ಬಲ ಮೊಣಕೈ ಕೆಳಗೆ ಬರುತ್ತದೆ. ಅಡುಗೆಮನೆಯ ಹಳೆಯ ಮಣೆ ಸಾಕು. ಬಹಳ ದಿನ ಒಂದೇ ಕಾಲೆತ್ತಿ ಕೂತರೆ ಸೊಂಟ ಹಿಡಿಯುತ್ತದೆ ಎನ್ನುವವರಿಗೆ ತೊಡೆಯ ಮೇಲಿಡುವ ಮೆತ್ತೆ, ಗಿಟಾರಿನ ಪಕ್ಕೆಗೆ ಅಂಟಿಸುವ ಆಧಾರಗಳೂ ಸಿಗುತ್ತವೆ. ಮೂರನೆಯದು, ಕೂತಾಗಲೂ ಸ್ಟ್ರಾಪ್ ಹಾಕಿಕೊಳ್ಳಿ. ಗಿಟಾರ್ ಜಾರದಂತೆ ಹಿಡಿಯುವ ಕೆಲಸ ಬಲತೋಳಿಗೆ ತಪ್ಪುತ್ತದೆ.

ಆಮೇಲೆ ತಂತಿ. ತಂತಿಯ ದಪ್ಪವನ್ನು ನಂಬರಿನಲ್ಲಿ ಹೇಳುತ್ತಾರೆ, ನಂಬರ್ ಚಿಕ್ಕದಾದಷ್ಟೂ ತಂತಿ ತೆಳು. 12ರಿಂದ 53ರ ಸೆಟ್ ಹಾಕಿದ್ದರೆ 11ರಿಂದಲೋ 10ರಿಂದಲೋ ಶುರುವಾಗುವುದನ್ನು ಹಾಕಿ ನೋಡಿ. ಫ್ರೆಟ್ಟಿನಿಂದ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಿಂದ, ತಂತಿ ತುಂಬ ಎತ್ತರದಲ್ಲಿದ್ದರೆ ಗಿಟಾರ್ ರಿಪೇರಿಯವರಿಂದ ಇಳಿಸಿಕೊಳ್ಳಿ. ಹನ್ನೆರಡನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಕೆಳಗೆ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಸಾಮಾನ್ಯವಾಗಿ ಹಿತ. ನನ್ನ ಹಳೆಯದರಲ್ಲಿ ನಾಲ್ಕು ಇತ್ತು. ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವ ಬಾರ್ ಕಾರ್ಡ್ ಹಿಡಿಯುವಾಗ ಹಲ್ಲು ಕಚ್ಚುತ್ತಿದ್ದೆ. ಹಲ್ಲು ಕಚ್ಚಿದರೆ ಹೆಗಲು ಏರದೆ ಇರುತ್ತದೆಯೇ?

ಇವೆಲ್ಲ ಸೇರಿ ಸಾವಿರ ಚಿಲ್ಲರೆ ರೂಪಾಯಿಯ ಬಾಬತ್ತು. ಆರು ವಾರ ಹೀಗೆ ನುಡಿಸಿಯೂ ನೋವು ಉಳಿದರೆ ಚಿಕ್ಕ ಗಿಟಾರಿನ ಮಾತಾಡೋಣ.

ಅಂಗಡಿಯವರು 38 ಇಂಚು, 40 ಇಂಚು, 41 ಇಂಚು ಎನ್ನುತ್ತಾರೆ. ನಾನು 38 ತೆಗೆದುಕೊಂಡರೆ ಆಯಿತಲ್ಲವೇ?

ನಮ್ಮಲ್ಲಿ ಬಹುತೇಕರು ಮೋಸಹೋಗುವುದು ಇಲ್ಲಿಯೇ, ಅಂಗಡಿಯವರು ಮೋಸ ಮಾಡದಿದ್ದರೂ. ಆ ಸಂಖ್ಯೆ ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ನಿಮ್ಮ ಭುಜಕ್ಕೆ ಆ ಉದ್ದದಿಂದ ಆಗಬೇಕಾದ್ದು ಕಡಿಮೆ. ಭುಜಕ್ಕೆ ಬೇಕಾದ ಅಳತೆಗಳು ಬೇರೆ ಎರಡು. ಒಂದು, ಒಡಲಿನ ಕೆಳಗಿನ ಉಬ್ಬಿನ ಅಗಲ. ಇನ್ನೊಂದು, ನಿಮ್ಮ ಹೊಟ್ಟೆಗೆ ತಾಗುವ ಹಲಗೆಯಿಂದ ಮುಂದಿನ ಹಲಗೆಯವರೆಗಿನ ದಪ್ಪ. ಅಗಲ ಹೆಚ್ಚಾದಷ್ಟೂ ಮೊಣಕೈ ಮೇಲೆ ಹೋಗುತ್ತದೆ, ದಪ್ಪ ಹೆಚ್ಚಾದಷ್ಟೂ ತೋಳು ಮುಂದೆ ಚಾಚುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಕಾಡುವುದು ದಪ್ಪ, ಜನ ಅಳೆಯದೇ ಬಿಡುವುದೂ ಅದನ್ನೇ.

ನಾನು ಕೊಳ್ಳಲು ಹೋದಾಗ ಬಡಗಿಯ ಸ್ಟೀಲ್ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಅದನ್ನು ಕಂಡು ಅಂಗಡಿಯ ಹುಡುಗನ ಮುಖ ಕಪ್ಪಿಟ್ಟಿತು, ವಾರ್ನಿಷಿಗೆ ಗೀರು ಬೀಳುತ್ತದೆಂದು. ಅವನದು ಸರಿಯೇ. ದರ್ಜಿಯ ಬಟ್ಟೆ ಟೇಪ್ ಒಯ್ಯಿರಿ. 40 ಇಂಚು ಎಂದು ಬರೆದಿದ್ದ ಎರಡು ಗಿಟಾರುಗಳ ದಪ್ಪದಲ್ಲಿ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಸಿಕ್ಕಿತು.

000, 00, ಓಎಂ, ಕನ್ಸರ್ಟ್ ಎಂಬ ಹೆಸರುಗಳ ಗೊಂದಲ ಬಿಡಿಸಿ ಹೇಳುತ್ತೀರಾ?

ಮೂಲ ಮಾರ್ಟಿನ್ ಕಂಪನಿಯದು, ಉಳಿದವರು ಹೆಚ್ಚುಕಡಿಮೆ ಅದನ್ನೇ ಅನುಸರಿಸುತ್ತಾರೆ. ಸೊನ್ನೆ ಹೆಚ್ಚಾದಷ್ಟೂ ಗಿಟಾರ್ ದೊಡ್ಡದು ಎಂದು ನೆನಪಿಟ್ಟರೆ ಸಾಕು. ಮಾರ್ಟಿನ್ನಿನ ಹದಿನಾಲ್ಕು ಫ್ರೆಟ್ಟಿನ ಡ್ರೆಡ್‌ನಾಟ್ ಕೆಳ ಉಬ್ಬಿನಲ್ಲಿ ಸುಮಾರು 397 ಮಿಲಿಮೀಟರ್ ಅಗಲ, ಬುಡದಲ್ಲಿ 124 ಮಿಲಿಮೀಟರ್ ದಪ್ಪ. 000 ಮತ್ತು ಓಎಂ ಒಂದೇ ಒಡಲಿನವು, 381 ಅಗಲ, 105 ದಪ್ಪ. ಇವೆರಡರ ವ್ಯತ್ಯಾಸ ಮುಖ್ಯವಾಗಿ ತಂತಿಯ ಉದ್ದದಲ್ಲಿ, ಓಎಂನದು ಸ್ವಲ್ಪ ಹೆಚ್ಚು. 00 ಎಂದರೆ ಸುಮಾರು 364 ಅಗಲ, ದಪ್ಪ ಹತ್ತಿರಹತ್ತಿರ ಅಷ್ಟೇ. 0 ಇನ್ನೂ ಚಿಕ್ಕದು, 343. ಜಂಬೊ ಎಂಬುದು ಮೇಲ್ಮುಖದ ಪಯಣ. ಗಿಬ್ಸನ್ನಿನ ಹೆಸರಾಂತ ಜಂಬೊ 17 ಇಂಚು, ಅಂದರೆ 432 ಮಿಲಿಮೀಟರ್ ಅಗಲ. ಭುಜ ನೋಯುವವರು ಅದರ ನೆರಳಿಗೂ ಹೋಗುವುದು ಬೇಡ.

ಇಲ್ಲಿ ಸುಲಭವಾಗಿ ಸಿಗುವವುಗಳಲ್ಲಿ ಯಮಾಹಾದ ಎಫ್‌ಜಿ800 ಮತ್ತು ಎಫ್‌ಎಸ್800 ಜೋಡಿ ಹೋಲಿಸಿ ನೋಡಲು ಅನುಕೂಲ. ಮೊದಲನೆಯದು ಡ್ರೆಡ್‌ನಾಟ್ ಬಗೆಯದು, ದಪ್ಪ 100ರಿಂದ 118 ಮಿಲಿಮೀಟರ್. ಎರಡನೆಯದು ಕನ್ಸರ್ಟ್, ಅಂದರೆ ಅದಕ್ಕಿಂತ ಚಿಕ್ಕ ಒಡಲಿನ ಬಗೆಯದು, 90ರಿಂದ 110. ಎರಡನ್ನೂ ಪಕ್ಕಪಕ್ಕ ಇರಿಸಿಕೊಂಡು ಹತ್ತತ್ತು ನಿಮಿಷ ನುಡಿಸಿದರೆ ನಾನು ಇಷ್ಟುದ್ದ ಬರೆದದ್ದೆಲ್ಲ ನಿಮ್ಮ ಭುಜಕ್ಕೆ ತಾನೇ ಗೊತ್ತಾಗುತ್ತದೆ.

ಒಂದೆರಡು ಸೆಂಟಿಮೀಟರಿಗೆ ಇಷ್ಟು ಗಲಾಟೆಯೇ?

ಚಪ್ಪಲಿಯ ಎಂಟನೆಯ ನಂಬರಿಗೂ ಒಂಬತ್ತನೆಯದಕ್ಕೂ ಇರುವ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಇಲ್ಲ. ತಪ್ಪು ನಂಬರ್ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿ ನೋಡಿ.

ಹನ್ನೆರಡು ಫ್ರೆಟ್ಟಿನ ಗಿಟಾರ್ ಒಳ್ಳೆಯದು ಎನ್ನುತ್ತಾರೆ. ಅದೇನು?

ಅದರಲ್ಲಿಯೂ ಫ್ರೆಟ್ಟುಗಳು ಹನ್ನೆರಡಕ್ಕೇ ಮುಗಿಯುವುದಿಲ್ಲ. ಕುತ್ತಿಗೆ ಒಡಲನ್ನು ಸೇರುವುದು ಹನ್ನೆರಡನೆಯ ಫ್ರೆಟ್ಟಿನಲ್ಲಿ ಎಂದು ಅರ್ಥ. ಈಗಿನ ಬಹುಪಾಲು ಗಿಟಾರುಗಳಲ್ಲಿ ಹದಿನಾಲ್ಕನೆಯದರಲ್ಲಿ ಸೇರುತ್ತದೆ. ಹನ್ನೆರಡರಲ್ಲಿ ಸೇರಿದಾಗ ಇಡೀ ಕುತ್ತಿಗೆ ನಿಮ್ಮ ಕಡೆಗೆ ಜರುಗುತ್ತದೆ, ಮೊದಲ ಫ್ರೆಟ್ ಹತ್ತಿರ ಬರುತ್ತದೆ, ಎಡತೋಳನ್ನು ಚಾಚುವುದು ಕಡಿಮೆಯಾಗುತ್ತದೆ. ಒಡಲಿನ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಎಂಬ ಮರದ ತುಂಡು ಕೆಳ ಉಬ್ಬಿನ ನಡುಭಾಗಕ್ಕೆ ಸರಿಯುವುದರಿಂದ ಧ್ವನಿಗೂ ಒಂದು ತುಂಬು ಬರುತ್ತದೆ. ನಷ್ಟವೆಂದರೆ ಮೇಲಿನ ಫ್ರೆಟ್ಟುಗಳಿಗೆ ಬೆರಳು ಹೋಗುವುದು ಕಷ್ಟ. ನಾನು ಏಳನೆಯ ಫ್ರೆಟ್ ದಾಟಿದ್ದೇ ಅಪರೂಪ, ಹಾಗಾಗಿ ನನಗೆ ಅದು ನಷ್ಟದ ಲೆಕ್ಕಕ್ಕೆ ಬರಲಿಲ್ಲ. ನನ್ನದು ಈಗ 00 ಅಳತೆಯ ಹನ್ನೆರಡು ಫ್ರೆಟ್ಟಿನದು.

ನನಗೆ ನೋಯುವುದು ಎಡ ಭುಜ. ಚಿಕ್ಕ ಒಡಲಿನಿಂದ ಉಪಯೋಗವಾಗುತ್ತದೆಯೇ?

ಒಡಲಿಗಿಂತ ತಂತಿಯ ಉದ್ದ ಮುಖ್ಯ. ನಟ್‌ನಿಂದ, ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿಯಿಂದ, ಬ್ರಿಡ್ಜ್‌ವರೆಗಿನ ಈ ಉದ್ದವನ್ನು ಸ್ಕೇಲ್ ಎನ್ನುತ್ತಾರೆ. ಸಾಮಾನ್ಯ ಡ್ರೆಡ್‌ನಾಟ್‌ಗಳಲ್ಲಿ ಇದು 645ರಿಂದ 650 ಮಿಲಿಮೀಟರ್. ಎಫ್‌ಎಸ್800ರಲ್ಲಿ 634. ಟೇಲರ್ ಕಂಪನಿಯ ಜಿಎಸ್ ಮಿನಿಯಲ್ಲಿ 597.

ಇದರಿಂದ ಎರಡು ಲಾಭ. ಮೊದಲ ನಾಲ್ಕು ಫ್ರೆಟ್ಟುಗಳ ಹರವು 650ರ ಗಿಟಾರಿನಲ್ಲಿ 134 ಮಿಲಿಮೀಟರ್ ಆದರೆ 597ರದರಲ್ಲಿ 123. ಕಿರುಬೆರಳಿಗೆ ಹನ್ನೊಂದು ಮಿಲಿಮೀಟರ್ ಉಳಿತಾಯವೆಂದರೆ ಸಣ್ಣದಲ್ಲ. ಇನ್ನೊಂದು ಬಿಗಿತ. ಅದೇ ತಂತಿಯನ್ನು ಅದೇ ಸ್ವರಕ್ಕೆ ಏರಿಸಿದಾಗ ಬೇಕಾಗುವ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹಾಗಾಗಿ 650ರಿಂದ 634ಕ್ಕೆ ಇಳಿದರೆ ಬಿಗಿತ ಶೇ. 5ರಷ್ಟು, 597ಕ್ಕೆ ಇಳಿದರೆ ಶೇ. 15ಕ್ಕೂ ತುಸು ಹೆಚ್ಚು ಕಡಿಮೆಯಾಗುತ್ತದೆ. ಒತ್ತುವ ಶ್ರಮ ಇಳಿದರೆ ಮೊಣಕೈ ಪಕ್ಕೆಯ ಹತ್ತಿರವೇ ನಿಲ್ಲುತ್ತದೆ.

ದುಡ್ಡು ಖರ್ಚಾಗದ ಪರೀಕ್ಷೆ ಬೇಕೇ? ಈಗಿರುವ ಗಿಟಾರಿನ ಎರಡನೆಯ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಒಂದು ವಾರ ನುಡಿಸಿ. ಎಡತೋಳು ಒಳಗೆ ಬಂದರೆ ಹೇಗಿರುತ್ತದೆಂದು ತಿಳಿಯುತ್ತದೆ. ಹಿತವೆನಿಸಿದರೆ ಮೊಟಕು ಸ್ಕೇಲ್ ಹುಡುಕಿ.

ಧ್ವನಿ ಸಣ್ಣದಾಗುವುದಿಲ್ಲವೇ?

ಆಗುತ್ತದೆ. ಆಗುವುದಿಲ್ಲ ಎನ್ನುವವರು ಮಾರುವವರು. ಒಳಗಿನ ಗಾಳಿಯ ಪ್ರಮಾಣ ಇಳಿದಾಗ ಮಂದ್ರದ ಗುಡುಗು ಇಳಿಯುತ್ತದೆ. ಹೊಸದು ತಂದ ರಾತ್ರಿ ಅಡುಗೆಮನೆಯಲ್ಲಿದ್ದ ಮಗಳಿಗೆ ಕಾಣದಂತೆ ಎರಡನ್ನೂ ಒಂದಾದ ಮೇಲೊಂದು ನುಡಿಸಿದೆ. ಪಿಕ್ಕಿನಲ್ಲಿ ಜೋರಾಗಿ ಬಾರಿಸಿದಾಗ, “ಈಗ ಹೊಸದು, ಹೊಟ್ಟೆ ಹಸಿದ ಹಾಗಿದೆ” ಎಂದು ಕೂಡಲೇ ಹೇಳಿಬಿಟ್ಟಳು. ಬೆರಳಿನಲ್ಲಿ ಒಂದೊಂದೇ ತಂತಿ ಮೀಟಿದಾಗ ಮಾತ್ರ ತಡವರಿಸಿದಳು. ಆಮೇಲೆ ತಪ್ಪು ಹೇಳಿದಳು, ತಪ್ಪಾದದ್ದಕ್ಕೆ ಸಿಟ್ಟೂ ಮಾಡಿಕೊಂಡಳು.

ನನ್ನ ತೀರ್ಪೂ ಅಲ್ಲಿಗೇ ನಿಲ್ಲುತ್ತದೆ. ಹತ್ತು ಜನರ ಗುಂಪಿನಲ್ಲಿ ಹಾಡಿಗೆ ತಾಳ ಹಿಡಿಯುವುದೇ ನಿಮ್ಮ ಕೆಲಸವಾದರೆ ಡ್ರೆಡ್‌ನಾಟ್ ಬಿಟ್ಟದ್ದು ತಿಳಿಯುತ್ತದೆ. ಬೆರಳಿನಲ್ಲಿ ನುಡಿಸುವವರಿಗೆ, ಒಬ್ಬರೇ ಹಾಡಿಕೊಳ್ಳುವವರಿಗೆ ಚಿಕ್ಕದು ಎಷ್ಟೋ ಸಲ ಹೆಚ್ಚು ಹದ. ಮಂದ್ರ ತಂತಿಗಳು ಉಳಿದವನ್ನು ನುಂಗುವುದಿಲ್ಲ, ಹಾಡುವವರ ದನಿಗೂ ಜಾಗ ಸಿಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗಲಂತೂ ದೊಡ್ಡ ಗಿಟಾರಿನ ‘ಬೊಂ’ ಎನ್ನುವ ಗದ್ದಲ ತಪ್ಪುತ್ತದೆ.

ಪ್ರಯಾಣದ ಪುಟ್ಟ ಗಿಟಾರ್ ಕೊಂಡರೆ ಎಲ್ಲಕ್ಕೂ ಪರಿಹಾರವಲ್ಲವೇ?

ಕಣ್ಣಿಗೆ ಚಿಕ್ಕದಾಗಿ ಕಂಡದ್ದೆಲ್ಲ ಭುಜಕ್ಕೆ ಚಿಕ್ಕದಲ್ಲ. 2010ರಲ್ಲಿ ಬಂದ ಜಿಎಸ್ ಮಿನಿ ಬಲು ಮುದ್ದಾದ ವಾದ್ಯ, ಅದರ ಅಗಲ ಸುಮಾರು 365 ಮಿಲಿಮೀಟರ್ ಮಾತ್ರ. ಆದರೆ ದಪ್ಪ 113ರ ಹತ್ತಿರ. ಅಗಲದಲ್ಲಿ ಅದಕ್ಕಿಂತ ದೊಡ್ಡದಾದ ಓಎಂ ದಪ್ಪದಲ್ಲಿ ಅದಕ್ಕಿಂತ ತೆಳು. ಚಿಕ್ಕ ಒಡಲಿನಿಂದ ಧ್ವನಿ ತೆಗೆಯಲು ಆಳ ಹೆಚ್ಚಿಸಿರುತ್ತಾರೆ, ಅದು ತಪ್ಪಲ್ಲ. ಮೊಣಕೈ ಮೇಲೇರುವುದರಿಂದ ನೋಯುವವರಿಗೆ ಅದು ವರವಾದೀತು, ತೋಳು ಮುಂದೆ ಚಾಚುವುದರಿಂದ ನೋಯುವವರಿಗೆ ಅಷ್ಟಾಗಿ ಅಲ್ಲ. ತೀರ ಪುಟ್ಟದ್ದರಲ್ಲಿ ಇನ್ನೊಂದು ತೊಡಕಿದೆ. ತೊಡೆಯ ಮೇಲೆ ಕೆಳಗೆ ಕೂರುವುದರಿಂದ ನಾವೇ ಅದರ ಮೇಲೆ ಬಾಗುತ್ತೇವೆ, ಭುಜದ ನೋವು ಕುತ್ತಿಗೆಗೆ ಬರುತ್ತದೆ. ಸ್ಟ್ರಾಪ್ ಹಾಕಿ ಎದೆಯ ಮಟ್ಟಕ್ಕೆ ಏರಿಸಿಕೊಳ್ಳಬೇಕು.

ತೆಳು ಒಡಲಿನ ಗಿಟಾರ್, ನೈಲಾನ್, ಎಲೆಕ್ಟ್ರಿಕ್, ಉಕುಲೆಲೆ ಇವುಗಳಲ್ಲಿ ಯಾವುದು?

ವೇದಿಕೆಯಲ್ಲಿ ಸ್ಪೀಕರಿಗೆ ಜೋಡಿಸಿ ನುಡಿಸುವವರಾದರೆ ತೆಳು ಒಡಲಿನದನ್ನು ಮೊದಲು ನೋಡಿ. ಯಮಾಹಾ ಎಪಿಎಕ್ಸ್600ರ ದಪ್ಪ 80ರಿಂದ 90 ಮಿಲಿಮೀಟರ್ ಅಷ್ಟೇ. ಸ್ಪೀಕರ್ ಇಲ್ಲದಿದ್ದಾಗ ಅದು ಪಿಸುಗುಡುತ್ತದೆ, ಮನೆಯಲ್ಲಿ ನುಡಿಸುವವರಿಗೆ ಬೇಸರ ಬರಬಹುದು. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಿನಲ್ಲಿ ಬಿಗಿತ ಬಹಳ ಕಡಿಮೆ, ಒಡಲೂ ಡ್ರೆಡ್‌ನಾಟ್‌ಗಿಂತ ಚಿಕ್ಕದು. ಆದರೆ ಕುತ್ತಿಗೆ ಅಗಲ, ನಟ್‌ನಲ್ಲಿ 52 ಮಿಲಿಮೀಟರ್. ಎಡ ಮಣಿಕಟ್ಟಿಗೆ ಅದು ಬೇರೆಯೇ ಪರೀಕ್ಷೆ. ಎಲೆಕ್ಟ್ರಿಕ್ ಗಿಟಾರ್ ಕೂತು ನುಡಿಸಿದರೆ ಬಲ ಭುಜಕ್ಕೆ ಎಲ್ಲಕ್ಕಿಂತ ಆರಾಮ. ನಿಂತರೆ ಕೆಲವು ನಾಲ್ಕು ಕಿಲೋ ತೂಗುವುದರಿಂದ ಎಡ ಹೆಗಲು ಶಪಿಸುತ್ತದೆ. ಉಕುಲೆಲೆ ಒಳ್ಳೆಯ ವಾದ್ಯ, ಆದರೆ ಗಿಟಾರ್ ಬೇಕೆಂದವರಿಗೆ ಅದನ್ನು ಕೊಡುವುದು ಊಟಕ್ಕೆ ಕೂತವರಿಗೆ ಕೋಸಂಬರಿ ಬಡಿಸಿ ಏಳಿ ಎಂದ ಹಾಗೆ.

ಭಜನೆಗೆ ಚಾಪೆಯ ಮೇಲೆ ಕೂತೇ ನುಡಿಸಬೇಕು. ಏನು ಮಾಡಲಿ?

ಚಕ್ಕಳಮಕ್ಕಳ ಹಾಕಿ ಕೂತಾಗ ದೊಡ್ಡ ಗಿಟಾರ್ ಮಡಿಲಲ್ಲಿ ಅಂಗಾತ ವಾಲುತ್ತದೆ. ತಂತಿ ಕಾಣಲೆಂದು ನಾವು ಹಾಗೆ ವಾಲಿಸಿಕೊಳ್ಳುತ್ತೇವೆ, ಬೆನ್ನು ಬಿಲ್ಲಾಗುತ್ತದೆ. ಪೃಷ್ಠದ ಕೆಳಗೆ ಮಡಿಸಿದ ಜಮಖಾನೆಯೋ ಗಟ್ಟಿ ದಿಂಬೋ ಇಟ್ಟು ಸೊಂಟವನ್ನು ಮಂಡಿಗಿಂತ ಎತ್ತರಕ್ಕೆ ತನ್ನಿ. ಸ್ಟ್ರಾಪನ್ನು ಗಿಡ್ಡಮಾಡಿ ಗಿಟಾರ್ ನೆಟ್ಟಗೆ ನಿಲ್ಲಿಸಿ. ನೆಲದ ಮೇಲೆ ಕೂರುವವರಿಗೆ 0 ಅಥವಾ 00 ಅಳತೆ ಕುರ್ಚಿಯವರಿಗಿಂತ ಹೆಚ್ಚು ಸಲ್ಲುತ್ತದೆ, ಏಕೆಂದರೆ ಬಲ ಮಂಡಿಗೂ ಗಿಟಾರಿಗೂ ಜಾಗದ ಜಗಳ ಇರುವುದಿಲ್ಲ. ಎರಡು ಭಜನೆಗೊಮ್ಮೆ ಗಿಟಾರ್ ಕೆಳಗಿಟ್ಟು ತಾಳ ಹಾಕಿ. ಯಾರೂ ತಪ್ಪು ತಿಳಿಯುವುದಿಲ್ಲ.

ಚಿಕ್ಕ ಗಿಟಾರ್ ಮಕ್ಕಳದ್ದು, ಹೆಂಗಸರದ್ದು ಎಂದು ಅಂಗಡಿಯಲ್ಲಿ ನಕ್ಕರು.

ನನ್ನನ್ನು ನೋಡಿಯೂ ನಕ್ಕಿದ್ದರು. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1992ರ ‘ಎಂಟಿವಿ ಅನ್‌ಪ್ಲಗ್ಡ್’ ಎಂಬ ಹೆಸರಾಂತ ಟಿವಿ ಕಛೇರಿಯಲ್ಲಿ ಹಿಡಿದಿದ್ದದ್ದು 1939ರ ಮಾರ್ಟಿನ್ 000. ಗಾಯಕ ಎಡ್ ಶೀರನ್ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸಿದ್ದು ಲಿಟ್ಲ್ ಮಾರ್ಟಿನ್ ಎಂಬ ಪುಟಾಣಿ ಗಿಟಾರಿನ ಜತೆ. ಅಮೆರಿಕದ ಗಾಯಕಿ ಜೋನ್ ಬಯೇಜ್ ಅವರ ಕೈಯಲ್ಲಿದ್ದದ್ದು 1929ರ ಒಂಟಿ ಸೊನ್ನೆಯ ಮಾರ್ಟಿನ್. ಇನ್ನು ಹೆಂಗಸರದ್ದು ಎಂಬ ಮಾತು ನನಗೆ ಬೈಗುಳವಾಗಿ ಕೇಳಿಸುವುದಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸುವವರು ಐದಡಿ ಎತ್ತರದ ಒಬ್ಬ ಶಿಕ್ಷಕಿ. ಇಷ್ಟು ವರ್ಷ ಅವರು ಗಂಡಸರ ಅಳತೆಯ ಪೆಟ್ಟಿಗೆಯ ಹಿಂದೆ ಮರೆಯಾಗಿ ಕೂತಿದ್ದರು.

ದೊಡ್ಡ ಗಿಟಾರನ್ನೇ ಭುಜಕ್ಕೆ ಒಗ್ಗುವಂತೆ ಮಾಡಿದವರಿಲ್ಲವೇ?

ಇದ್ದಾರೆ. ಗಿಟಾರ್ ಕಟ್ಟುವ ಕೆನಡಾದ ಲಿಂಡಾ ಮ್ಯಾಂಜರ್ 1984ರಲ್ಲಿ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೀನಿಗಾಗಿ 42 ತಂತಿಗಳ ವಿಚಿತ್ರ ಗಿಟಾರೊಂದನ್ನು ಕಟ್ಟುವಾಗ, ನುಡಿಸುವವರ ತೋಳಿನ ಕಡೆ ತೆಳ್ಳಗೆ, ತೊಡೆಯ ಕಡೆ ದಪ್ಪಗೆ ಇರುವ ಬೆಣೆಯಾಕಾರದ ಒಡಲನ್ನು ರೂಪಿಸಿದರು. ಒಳಗಿನ ಗಾಳಿ ಅಷ್ಟೇ ಇರುತ್ತದೆ, ಕಂಕುಳಿನ ಕೆಳಗೆ ಮಾತ್ರ ಸಪೂರ. ಆಮೇಲೆ ಅನೇಕ ಕುಶಲಕರ್ಮಿಗಳು ಅದನ್ನು ಅಳವಡಿಸಿಕೊಂಡಿದ್ದಾರೆ. ಮುಂಗೈ ತಾಗುವ ಅಂಚನ್ನು ಇಳಿಜಾರಾಗಿ ಕೆತ್ತುವ ಪದ್ಧತಿಯೂ ಇದೆ. ಎರಡೂ ಸಾಮಾನ್ಯ ಬೆಲೆಯಲ್ಲಿ ಸಿಗುವುದು ಕಷ್ಟ. ಕಂಡಾಗ ಒಮ್ಮೆ ತೊಡೆಯ ಮೇಲಿಟ್ಟು ನೋಡಿ, ಹೊಟ್ಟೆಕಿಚ್ಚಾಗುತ್ತದೆ.

ಅಂಗಡಿಯಲ್ಲಿ ಹೇಗೆ ಪರೀಕ್ಷಿಸಬೇಕು?

ಸಂಜೆ, ಭುಜ ದಣಿದಿರುವಾಗ ಹೋಗಿ. ಬೆಳಗ್ಗೆ ಎಲ್ಲ ಗಿಟಾರುಗಳೂ ಹಿತವೆನಿಸುತ್ತವೆ. ಎತ್ತರದ ಬಾರ್ ಸ್ಟೂಲಿನ ಮೇಲೆ ಕೂರಿಸುತ್ತಾರೆ, ಬೇಡ ಎಂದು ಸಾಧಾರಣ ಕುರ್ಚಿ ಕೇಳಿ. ಕನಿಷ್ಠ ಇಪ್ಪತ್ತು ನಿಮಿಷ ನುಡಿಸಿ, ಅದೂ ಮನೆಯಲ್ಲಿ ನುಡಿಸುವುದನ್ನೇ. ಜತೆಗೆ ಹೋದವರಿಂದ ಹಿಂದಿನಿಂದ ಫೋಟೋ ತೆಗೆಸಿ. ನಡುವೆ ಒಮ್ಮೆ ಉಸಿರು ಬಿಟ್ಟು ಹೆಗಲನ್ನು ಪೂರ್ತಿ ಇಳಿಸಿ ನೋಡಿ. ಹೆಗಲು ಇಳಿದ ಮೇಲೂ ಬಲಗೈ ತಂತಿಯ ಮೇಲೆ ಸಲೀಸಾಗಿ ಆಡಿದರೆ ಆ ಗಿಟಾರ್ ನಿಮ್ಮದು. ಕೈ ತಂತಿಯಿಂದ ಮೇಲೆ ಜಾರಿ ನಿಂತರೆ ಎಷ್ಟೇ ಇಂಪಾಗಿದ್ದರೂ ಬಿಡಿ.

ಬದಲಿಸಿದ ಎಷ್ಟು ದಿನಕ್ಕೆ ನೋವು ಹೋಗುತ್ತದೆ?

ಚಿಕ್ಕ ಗಿಟಾರ್ ಔಷಧವಲ್ಲ. ಆದ ಗಾಯವನ್ನು ದಿನಾ ಕೆರೆಯುವುದನ್ನು ಅದು ನಿಲ್ಲಿಸುತ್ತದೆ, ಮಾಯಬೇಕಾದದ್ದು ಭುಜವೇ. ನನಗೆ ಹೇಳಿಕೊಟ್ಟದ್ದು ರಬ್ಬರ್ ಪಟ್ಟಿ ಎಳೆಯುವ ಎರಡು ವ್ಯಾಯಾಮ ಮತ್ತು ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸುವ ಒಂದು. ನಿಮ್ಮ ಭುಜಕ್ಕೆ ಬೇರೆ ಬೇಕಾಗಬಹುದು, ಕೇಳಿ ಮಾಡಿ. ನಾಲ್ಕು ತಿಂಗಳಿಗೆ ಅಂಗಿಯ ತೋಳಿಗೆ ಕೈ ತೂರಿಸುವಾಗ ಮುಖ ಹಿಂಡುವುದು ನಿಂತಿತು. ಮೇಲಿನ ಗೂಡಿನ ಡಬ್ಬಿಗೆ ಕೈಚಾಚುವಾಗ ಈಗಲೂ ಒಮ್ಮೊಮ್ಮೆ ಚುಳ್ಳೆನ್ನುತ್ತದೆ.

ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಹೊಸ ಗಿಟಾರ್ ಹಿತವಾಗಿದೆ ಎಂದು ಮೊದಲ ವಾರ ದಿನಕ್ಕೆ ಎರಡೂವರೆ ಗಂಟೆ ನುಡಿಸಿದೆ. ನೋವು ಮೊದಲಿಗಿಂತ ಜೋರಾಗಿ ಬಂತು. ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು, ಎದ್ದು ನೀರು ಕುಡಿದು, ಮತ್ತೆ ಕೂರಿ.

ಹಳೆಯ ಗಿಟಾರ್ ಮಾರಿದಿರಾ?

ಎರಡು ಸಲ ಗಿರಾಕಿ ಬಂದರು, ಎರಡು ಸಲವೂ ಬೆಲೆ ಏರಿಸಿ ಕಳಿಸಿದೆ. ಕೊನೆಗೆ ಶಿವಮೊಗ್ಗದಲ್ಲಿರುವ ತಮ್ಮನ ಮಗ ಒಯ್ದ. ಆರಡಿ ಎತ್ತರದ ಹುಡುಗ, ಅವನ ತೋಳಿನಡಿ ಯುದ್ಧನೌಕೆಯೂ ತೆಪ್ಪದ ಹಾಗೆ ಕಾಣುತ್ತದೆ. ಹೋದ ವಾರ ಫೋನು ಮಾಡಿ, “ದೊಡ್ಡಪ್ಪಾ, ಬಾರ್ ಕಾರ್ಡ್ ಬರುತ್ತಿದೆ” ಎಂದ. ಹಿಂದಿನಿಂದ ಒಂದು ಫೋಟೋ ತೆಗೆಸಿ ಕಳಿಸು ಎಂದೆ. ಯಾಕೆ ಎಂದು ಕೇಳಿ ನಕ್ಕ, ಇನ್ನೂ ಕಳಿಸಿಲ್ಲ.